ಮಣೆ ಹಾಕುವವನು

ನಮ್ಮ ಊರಿನಲ್ಲಿ ಮೇಲಿನವರು ಬಂದರೆ ಕೂತವರ ಮಂಡಿ ತಾನೇ ಎದ್ದುಬಿಡುತ್ತದೆ. ಇದು ಮರ್ಯಾದೆಯ ಮಾತಲ್ಲ. ಮರ್ಯಾದೆಯನ್ನು ಮನಸ್ಸಿದ್ದರೆ ಕೊಡಬಹುದು, ಇಲ್ಲದಿದ್ದರೆ ಬಿಡಬಹುದು. ಮಂಡಿ ನಮ್ಮನ್ನು ಕೇಳುವುದಿಲ್ಲ. ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳುವ, ಕೆಲಸದಿಂದ ತೆಗೆಯುವ ಅಧಿಕಾರ ಯಾರ ಕೈಲಿದೆಯೋ ಅವರು ಹತ್ತು ಮಾರು ದೂರಕ್ಕೆ ಬಂದರೆ ಸಾಕು, ಎರಡು ಮಂಡಿಯೂ ನೆಟ್ಟಗಾಗಿ ನೀವು ನಿಂತಿರುತ್ತೀರಿ. ಅವರು ಅತ್ತ ಹೋಗುವವರೆಗೆ, ಇಲ್ಲವೇ ಬಾಯಿಬಿಟ್ಟು ಕೂತ್ಕೊ ಅನ್ನುವವರೆಗೆ ಅವು ಮಡಚುವುದಿಲ್ಲ.

ನಾವು ಇದಕ್ಕೆ ಹೊಂದಿಕೊಂಡಿದ್ದೇವೆ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ತೆಗೆಸಿಕೊಂಡ ಮೇಷ್ಟರು, ಶಾಲೆಯ ಆಡಳಿತದವರು ಬೀದಿಯಲ್ಲಿ ಹೋದರೆಂದು ನೊರೆ ಸಮೇತ ಎದ್ದು ನಿಲ್ಲುತ್ತಾರೆ. ಕ್ಷೌರಿಕ ಕತ್ತಿ ಹಿಂದಕ್ಕೆ ಎಳೆದುಕೊಂಡು ಬೀಡಿ ಹಚ್ಚುತ್ತಾನೆ. ಮದುವೆ ಮನೆಯಲ್ಲಿ ದಣಿಗಳಿಗೆ ಹಿಂದಿನ ಕೋಣೆಯಲ್ಲಿ ಎಲೆ ಹಾಕುತ್ತಾರೆ, ಇಲ್ಲದಿದ್ದರೆ ಪಂಕ್ತಿಗೆ ಪಂಕ್ತಿಯೇ ಎದ್ದು ಅನ್ನ ಆರಿಹೋಗುತ್ತದೆ. ನಮ್ಮ ಬೀದಿಯಲ್ಲಿ ಅಣ್ಣನ ಗಿರಣಿಯಲ್ಲಿ ತಮ್ಮ ಕೆಲಸಕ್ಕೆ ಸೇರಿದ ಮೇಲೆ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತಿದ್ದನ್ನು ಅವರ ತಾಯಿ ನೋಡಲಿಲ್ಲ. ದರ್ಜಿಗಳು ಇಲ್ಲಿ ಪ್ಯಾಂಟಿನ ಮಂಡಿಯನ್ನು ಸಡಿಲ ಬಿಟ್ಟೇ ಹೊಲಿಯುತ್ತಾರೆ.

ನಾನು ಹೊಂಬಾಳಮ್ಮ. ತೆಂಗಿನ ಚಿಪ್ಪಿನಿಂದ ಅಂಗಿ ಗುಂಡಿ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಊರ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದ್ದೇನೆ. ಅಕ್ಷರ ದುಂಡಗಿದೆ, ನಾಲಿಗೆ ಚೂಪಾಗಿದೆ ಎಂದು ಮೇಷ್ಟರು ಹೇಳುತ್ತಿದ್ದರು. ಎರಡೂ ಈಗಲೂ ಹಾಗೇ ಇವೆ. ಎರಡರಿಂದಲೂ ನನಗೆ ಒಳ್ಳೆಯದಾಗಿಲ್ಲ.

ನಮ್ಮ ಶೆಡ್ಡಿನಲ್ಲಿ ನಲವತ್ತು ಹೆಂಗಸರು. ಒಬ್ಬೊಬ್ಬಳಿಗೂ ಗೇಣೆತ್ತರದ ಕಾಲಿನ ಒಂದೊಂದು ಮಣೆ, ಮಣೆಯ ಬೆನ್ನಿಗೆ ಅವಳ ಗುರುತು. ನನ್ನದಕ್ಕೆ ಎರಡು ಅಡ್ಡಗೆರೆ. ಬೆಳಿಗ್ಗೆ ನಾವು ಬರುವ ಹೊತ್ತಿಗೆ ಮಣೆಗಳನ್ನು ಹಾಕಿಯಾಗಿರುತ್ತದೆ. ಮಣೆ ಎಲ್ಲಿದೆಯೋ ಆವತ್ತಿನ ಕೆಲಸ ಅಲ್ಲಿ. ಕಿಟಕಿಯ ಪಕ್ಕ ಬಿದ್ದರೆ ಗುಂಡಿಗಳನ್ನು ರಟ್ಟಿಗೆ ಹೊಲಿಯುವ ಕೆಲಸ, ಗಾಳಿ ಬರುತ್ತದೆ, ಬೀದಿ ಕಾಣುತ್ತದೆ. ನಡುಸಾಲಿಗೆ ಬಿದ್ದರೆ ಬೈರಿಗೆ ಹಿಡಿದು ಗುಂಡಿಗೆ ಕಣ್ಣು ಕೊರೆಯುವುದು, ಮೂಗಿನ ತುಂಬ ಚಿಪ್ಪಿನ ಪುಡಿ. ಕುದಿಕೋಣೆಗೆ ಬಿದ್ದರೆ ಬಣ್ಣದ ಹಂಡೆಯ ಮುಂದೆ ದಿನವಿಡೀ ಹಬೆ. ಸಂಜೆಗೆ ಬೆರಳ ಚರ್ಮ ಬೇಯಿಸಿದ ಆಲೂಗಡ್ಡೆ ಸಿಪ್ಪೆಯ ಹಾಗೆ ಏಳುತ್ತದೆ.

ಈ ಮಣೆಗಳನ್ನು ಹಾಕುವವನು ಸಣ್ಣೀರಪ್ಪ. ಅವನಿಗೆ ಬರುತ್ತಿದ್ದದ್ದು ನಮ್ಮಷ್ಟೇ ಸಂಬಳ. ನಮ್ಮ ಸಾಲಿನಲ್ಲೇ ನಿಂತು ಟೀ ಕುಡಿಯುತ್ತಿದ್ದ. ಯಾರನ್ನೂ ಸೇರಿಸಿಕೊಳ್ಳುವ ಹಾಗಿಲ್ಲ, ತೆಗೆಯುವ ಹಾಗಿಲ್ಲ. ಆ ಅಧಿಕಾರ ದಣಿಯದು. ದಣಿ ವರ್ಷಕ್ಕೊಂದು ಸಲ ಬರುತ್ತಿದ್ದರು. ಆ ದಿನ ನಲವತ್ತು ಜನ ಒಟ್ಟಿಗೆ ಎದ್ದು ಹತ್ತಾರು ಬೈರಿಗೆ ಮುರಿಯುತ್ತಿದ್ದವು. ಸಣ್ಣೀರಪ್ಪ ದಿನಕ್ಕೆ ನೂರು ಸಲ ಓಡಾಡಿದರೂ ಒಬ್ಬಳ ಮಂಡಿಯೂ ಅಲುಗುತ್ತಿರಲಿಲ್ಲ. ಅದನ್ನೇ ಅವನು ಹೇಳಿಕೊಂಡು ತಿರುಗುತ್ತಿದ್ದ. ನಾನೂ ನಿಮ್ಮ ಥರದವನೇ ಕಣ್ರವ್ವಾ, ನನ್ನ ಕಂಡ್ರೆ ಯಾರಾದ್ರೂ ಏಳ್ತೀರಾ, ಎಂದು ನಗುತ್ತಿದ್ದ. ನಗುತ್ತಲೇ ಯಾರದೋ ಬೆನ್ನ ಮೇಲೆ ಕೈಯಿಟ್ಟಿರುತ್ತಿದ್ದ.

ದೇವೀರಿ ಎರಡು ವರ್ಷದ ಹಿಂದೆ ಸೇರಿದವಳು. ಇಪ್ಪತ್ತನಾಲ್ಕರ ಹುಡುಗಿ, ಕೈ ಚುರುಕು. ನಾವು ನೂರು ಗುಂಡಿ ಕೊರೆಯುವ ಹೊತ್ತಿಗೆ ನೂರೈವತ್ತು ಕೊರೆದು, ಮಿಕ್ಕ ಹೊತ್ತಿನಲ್ಲಿ ಎಲ್ಲರ ನಡಿಗೆಯನ್ನೂ ಅಣಕಿಸಿ ನಗಿಸುತ್ತಿದ್ದಳು. ನಾನು ಸಿಟ್ಟಿನಲ್ಲಿ ಸೆರಗು ಸಿಕ್ಕಿಸುವುದನ್ನು ಮಾಡಿ ತೋರಿಸಿದರೆ ನನಗೇ ನಗು ಬರುತ್ತಿತ್ತು. ಸಣ್ಣೀರಪ್ಪ ಅವಳ ಮಣೆಯನ್ನು ದಿನವೂ ತನ್ನ ಕುರ್ಚಿಯ ಹತ್ತಿರ ಹಾಕತೊಡಗಿದ. ಅವಳು ಮಣೆ ಎತ್ತಿಕೊಂಡು ಹಿಂದಿನ ಸಾಲಿಗೆ ಹೋದಳು. ಮಾರನೆಯ ದಿನ ಅವನು ಮತ್ತೆ ಅಲ್ಲೇ ಹಾಕಿ, ಬೆಚ್ಚಗಿರಲಿ ಅಂತ ನಾನೇ ಒಂದು ಗಳಿಗೆ ಕೂತಿದ್ದೆ ಅಂದ. ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ನೀರಲ್ಲಿ ತೊಳದು ಕೊಡಣ್ಣ, ಆಮೇಲೆ ಕೂರ್ತೀನಿ.”

ನಲವತ್ತು ಜನವೂ ನಕ್ಕೆವು. ಆ ನಗುವಿನ ಬೆಲೆ ಅವಳೊಬ್ಬಳೇ ಕೊಟ್ಟಳು. ಮರುದಿನದಿಂದ ಅವಳ ಮಣೆ ಕುದಿಕೋಣೆಗೆ ಬಿತ್ತು. ಒಬ್ಬಳಿಗೆ ವಾರಕ್ಕೊಂದು ದಿನಕ್ಕಿಂತ ಹೆಚ್ಚು ಅಲ್ಲಿ ಹಾಕುವ ಪದ್ಧತಿ ಇರಲಿಲ್ಲ. ಅವಳಿಗೆ ನಲವತ್ತೊಂದು ದಿನ ಹಾಕಿದ. ಹಂಡೆ ನೋಡುವ ನೆಪದಲ್ಲಿ ದಿನಕ್ಕೆ ನಾಲ್ಕು ಸಲ ತಾನೂ ಒಳಗೆ ಹೋಗುತ್ತಿದ್ದ. ಅಲ್ಲಿ ಹಬೆ, ಒಳಗಿದ್ದವರು ಹೊರಗೆ ಕಾಣುವುದಿಲ್ಲ.

ನಾನು ಕಂಡೆ. ಬಣ್ಣ ಕೂತ ಗುಂಡಿ ತರಲು ಬುಟ್ಟಿ ಹಿಡಿದು ಹೋಗಿದ್ದೆ. ಅವನು ಅವಳ ರಟ್ಟೆ ಹಿಡಿದು ಗೋಡೆಗೆ ಒತ್ತಿದ್ದ. ಅವಳ ಇನ್ನೊಂದು ಕೈ ಹಂಡೆಯ ಅಂಚನ್ನು ಹುಡುಕುತ್ತಿತ್ತು. ಊರಲ್ಲೆಲ್ಲ ಜಗಳಗಂಟಿ ಅನ್ನಿಸಿಕೊಂಡ ನಾನು, ಸಂತೆಯಲ್ಲಿ ಒಂದು ಹಿಡಿ ಹುಣಿಸೆಹಣ್ಣಿಗೆ ಅಂಗಡಿಯವನ ತಕ್ಕಡಿ ಕಿತ್ತೆಸೆದವಳು, ಆವತ್ತು ಬಾಗಿಲಲ್ಲಿ ನಿಂತು ಕೆಮ್ಮಿದೆ. ಕೆಮ್ಮಿ, ಖಾಲಿ ಬುಟ್ಟಿ ತೆಗೆದುಕೊಂಡು ವಾಪಸು ಬಂದೆ. ಸಂಜೆ ಗೇಟಿನ ಹತ್ತಿರ ಅವಳ ಬೆರಳಿಗೆ ಬೆಣ್ಣೆ ಹಚ್ಚುತ್ತ, ತಡ್ಕೊಳ್ಳವ್ವ, ಇವನ ಹಿಂದೆ ಇದ್ದ ಮಣೆಯವನ ಕಾಲದಲ್ಲಿ ನಾನೂ ಕುದಿಕೋಣೆ ನೋಡಿದ್ದೀನಿ, ಇನ್ನೊಂದು ತಿಂಗಳಿಗೆ ಅವನಿಗೆ ಬೇರೆ ಯಾರಾದರೂ ಸಿಗ್ತಾಳೆ ಎಂದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

ಮಾರನೆಯ ಬೆಳಿಗ್ಗೆ ನನ್ನ ಮಣೆ ಕಿಟಕಿಯ ಪಕ್ಕ ಇತ್ತು. ಅದರ ಮಾರನೆಯ ದಿನವೂ ಅಲ್ಲೇ. ಯಾಕೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಕೂತೆ. ಗಾಳಿ ಚೆನ್ನಾಗಿ ಬರುತ್ತಿತ್ತು.

ದೇವೀರಿ ಕೆಲಸಗಾರರ ಮಂಡಳಿಗೆ ಅರ್ಜಿ ಕೊಟ್ಟಳು. ನಮ್ಮ ಊರಿನ ಕಾಯಿದೆ ಇಷ್ಟೇ: ಹೆಣ್ಣಾಳಿಗೆ ಕಿರುಕುಳ ಕೊಟ್ಟವನು ಅವಳ ಮೇಲಿನವನಾದರೆ ಇಡೀ ಕಾರ್ಖಾನೆಯೇ ತಪ್ಪಿತಸ್ಥ, ದಣಿಯೇ ಬಂದು ಉತ್ತರ ಹೇಳಬೇಕು. ಅವನು ಬರೀ ಜೊತೆಯವನಾದರೆ, ಮೇಲಿನವರಿಗೆ ವಿಷಯ ಗೊತ್ತಿದ್ದೂ ಸುಮ್ಮನಿದ್ದರು ಎಂದು ಅವಳೇ ತೋರಿಸಬೇಕು; ತೋರಿಸಿದರೆ ಆಗಲೂ ತಪ್ಪು ಕಾರ್ಖಾನೆಯದೇ. ತೋರಿಸಲಾಗದಿದ್ದರೆ ಅರ್ಜಿ ಸುಳ್ಳು, ಸುಳ್ಳು ಅರ್ಜಿ ಕೊಟ್ಟವಳಿಗೆ ಕೆಲಸವಿಲ್ಲ. ಮೇಲಿನವನು ಯಾರು, ಜೊತೆಯವನು ಯಾರು ಎನ್ನುವುದಕ್ಕೆ ನಮ್ಮಲ್ಲಿ ವಕೀಲರು ವಾದ ಮಾಡುವುದಿಲ್ಲ. ಮಂಡಳಿಯಿಂದ ಒಬ್ಬ ಸಾಹೇಬರು ಬಂದು ಮಂಡಿ ನೋಡುತ್ತಾರೆ. ಅವರನ್ನು ಮಂಡಿಸಾಹೇಬರು ಎಂದೇ ಕರೆಯುತ್ತೇವೆ. ಮಂಡಿ ಸುಳ್ಳು ಹೇಳುವುದಿಲ್ಲ ಎನ್ನುವುದು ನಮ್ಮ ಊರಿನಲ್ಲಿ ಮಕ್ಕಳಿಗೂ ಬರುವ ಗಾದೆ.

ಅವರು ಬಂದದ್ದು ಒಂದು ಬುಧವಾರ ಬೆಳಿಗ್ಗೆ. ದೇವೀರಿ ನನ್ನನ್ನು ಸಾಕ್ಷಿ ಎಂದು ಬರೆಸಿದ್ದಳು. ಸಾಕ್ಷಿ ಒಳಗಿರಬಾರದು ಎಂದು ನನ್ನನ್ನು ಶೆಡ್ಡಿನಾಚೆ, ಗುಮಾಸ್ತ ಶಿವಲಿಂಗಯ್ಯನ ಮೇಜಿನ ಹತ್ತಿರ ನಿಲ್ಲಿಸಿದರು. ಅಲ್ಲಿಂದ ಕಿಟಕಿಯಲ್ಲಿ ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು. ಸಾಹೇಬರು ಸುಸ್ತಾದ ಮನುಷ್ಯ. ಆವತ್ತು ಅವರಿಗೆ ಅದು ಮೂರನೆಯ ಕಾರ್ಖಾನೆಯಂತೆ. ಎಲ್ಲರನ್ನೂ ಮಣೆಯ ಮೇಲೆ ಕೂರಿಸಿ, ಸಣ್ಣೀರಪ್ಪನನ್ನು ಈ ತುದಿಯಿಂದ ಆ ತುದಿಗೆ ನಡೆಯಲು ಹೇಳಿದರು. ಅವನು ಹೊಸ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಮದುವೆ ಗಂಡಿನ ಹಾಗೆ ನಡೆದ. ಒಂದು ಮಂಡಿಯೂ ಏಳಲಿಲ್ಲ.

ಆದರೆ ಅವನು ನಡೆದ ಸಾಲಿನುದ್ದಕ್ಕೂ ಪಾದಗಳು ಒಳಗೆ ಹೋದವು. ಒಬ್ಬಳಾದ ಮೇಲೆ ಒಬ್ಬಳು ಚಾಚಿದ ಕಾಲನ್ನು ಮಣೆಯ ಕೆಳಕ್ಕೆ ಎಳೆದುಕೊಂಡು ಸೀರೆಯ ಅಂಚನ್ನು ಅದರ ಮೇಲೆ ಮುಚ್ಚಿದಳು. ಗಾಳಿಗೆ ರಾಗಿ ಪೈರು ಬಾಗಿದ ಹಾಗೆ ಇತ್ತು. ಇಪ್ಪತ್ತಾರು ವರ್ಷ ಆ ಸಾಲಿನೊಳಗೇ ಕೂತಿದ್ದ ನನಗೆ ಅದು ಯಾವತ್ತೂ ಕಂಡಿರಲಿಲ್ಲ. ಹೊರಗೆ ನಿಂತಾಗ ಕಂಡಿತು.

ದೇವೀರಿ ಅದನ್ನೇ ಹೇಳಿದಳು. ಮಂಡಿ ಏಳಲ್ಲ ಸ್ವಾಮಿ, ಪಾದ ನೋಡಿ, ಪಾದ ಒಳಗೆ ಹೋಗ್ತವೆ, ಅವನು ನನ್ನ ಕೆಲಸ ತೆಗೆಯಲಾರ, ಆದರೆ ಕೆಲಸವನ್ನೇ ಸುಡುಗಾಡು ಮಾಡಬಲ್ಲ ಎಂದಳು. ಸಾಹೇಬರು ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಮೂನೆಯಲ್ಲಿ ಪಾದಕ್ಕೆ ಜಾಗ ಇಲ್ಲವಮ್ಮ ಎಂದರು. ಕೆಟ್ಟ ಮನುಷ್ಯರೇನಲ್ಲ. ದನಿಯಲ್ಲಿ ಬೇಸರವಿತ್ತು. ಸಣ್ಣೀರಪ್ಪ ಜೊತೆಯವನು ಎಂದು ಬರೆದುಕೊಂಡು, ಹಾಗಾದರೆ ಈ ಶೆಡ್ಡಿಗೆ ಮೇಲಿನವರು ಯಾರು, ದಣಿಯನ್ನೇ ಕರೆಸಬೇಕಾ ಎಂದು ಕೇಳಿದರು.

ಆ ಹೊತ್ತಿಗೆ ಶಿವಲಿಂಗಯ್ಯ ನನ್ನ ಮುಂದೆ ಮೂರು ಕಾಗದ ಇಟ್ಟ. ಸಾಕ್ಷಿ ಹೇಳುವವರು ಸಹಿ ಮಾಡಬೇಕು, ಬೇಗ, ಕರೀತಾರೆ ಎಂದ. ಮೊದಲನೆಯದನ್ನು ಓದಿದೆ, ಸಾಕ್ಷಿಯದ್ದೇ. ಎರಡನೆಯದರಲ್ಲಿ ನಾಲ್ಕು ಸಾಲು ಓದಿದೆ, ಅದೂ ಹಾಗೇ ಇತ್ತು. ಮೂರನೆಯದನ್ನು ಓದಲಿಲ್ಲ. ಕಣ್ಣು ಕಿಟಕಿಯಲ್ಲಿತ್ತು, ತಲೆ ಕಾದಿತ್ತು. ಹೆಬ್ಬೆಟ್ಟು ಒತ್ತುವವರ ನಡುವೆ ಸಹಿ ಮಾಡುವವಳು ನಾನೊಬ್ಬಳೇ ಎಂಬ ಜಂಬವೂ ಇತ್ತು. ಮೇಷ್ಟರು ಕಲಿಸಿದ ಹಾಗೆ ದುಂಡಗೆ, ಪೂರ್ತಿ ಹೆಸರು ಬರೆದೆ.

ಒಳಗಿನಿಂದ ನನ್ನ ಹೆಸರು ಕೂಗಿದರು. ಶಿವಲಿಂಗಯ್ಯ ಕಾಗದಕ್ಕೆ ಮೊಹರು ಒತ್ತಿದ ಸದ್ದು ಕೇಳಿತು, ನಾನು ಶೆಡ್ಡಿನ ಹೊಸ್ತಿಲು ದಾಟಿದೆ. ಕೂತಿದ್ದವರೆಲ್ಲ ಎದ್ದು ನಿಂತರು.

ದಣಿ ಬಂದಿದ್ದಾರೆ ಎಂದು ನಾನು ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಕೆಂಚಮ್ಮ, ನನಗಿಂತ ಹತ್ತು ವರ್ಷ ದೊಡ್ಡವಳು, ಮಂಡಿನೋವಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರುವವಳು, ಹಲ್ಲು ಕಚ್ಚಿಕೊಂಡು ನಿಂತಿದ್ದಳು. ದೇವೀರಿ ನಿಂತಿದ್ದಳು. ಅವಳು ನನ್ನ ಮುಖ ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಆಗ ನನಗೆ ಆ ಮೂರನೆಯ ಕಾಗದ ಅರ್ಥವಾಯಿತು.

ಶಿವಲಿಂಗಯ್ಯ ಅದನ್ನು ಸಾಹೇಬರ ಕೈಗೆ ಕೊಟ್ಟ. ಹೊಂಬಾಳಮ್ಮ ಎಂಬುವರು ಹೋದ ವರ್ಷದಿಂದ ಈ ಶೆಡ್ಡಿನ ಮೇಲಿನವರು, ಆಳುಗಳನ್ನು ಸೇರಿಸಿಕೊಳ್ಳುವ ತೆಗೆಯುವ ಅಧಿಕಾರ ಇವರದು, ದಣಿಯವರ ಮೊಹರು, ಇವರದೇ ಸಹಿ. ನಾನು ಕೂಗಾಡಿದೆ. ಮೋಸ, ಈಗ ಐದು ನಿಮಿಷದ ಹಿಂದೆ ಸಹಿ ಹಾಕಿಸಿಕೊಂಡ, ನಿನ್ನೆಯವರೆಗೆ ನಾನು ಬಂದರೆ ಒಂದು ನೊಣವೂ ಏಳುತ್ತಿರಲಿಲ್ಲ ಎಂದೆ. ಸಾಹೇಬರು ನಿಂತ ಮಂಡಿಗಳನ್ನು ತೋರಿಸಿದರು. ಎದ್ದಿವೆಯಲ್ಲಮ್ಮ ಎಂದರು. ಮಂಡಿಗೆ ಇವತ್ತು ಗೊತ್ತು, ತಾರೀಖು ಗೊತ್ತಿಲ್ಲ. ನಮ್ಮ ಊರಿನವರು ಮಂಡಿಯನ್ನು ಅಷ್ಟು ನಂಬಿದ್ದೆವು, ಆ ನಂಬಿಕೆಯ ಮೇಲೇ ಒಬ್ಬ ಗುಮಾಸ್ತ ಮೊಹರು ಒತ್ತಿದ.

“ಮೊದಲು ಕೂರೋಕೆ ಹೇಳ್ತೀಯಾ?” ಅಂದಳು ಕೆಂಚಮ್ಮ. “ಸಾಯ್ತಾ ಇದ್ದೀನಿ.”

ಕೂತ್ಕೊಳ್ರವ್ವಾ ಎಂದೆ. ಹೆಂಗಸರೆಲ್ಲ ಕೂತರು. ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಹೇಸಿಗೆಯಾಯಿತು.

ಸಾಹೇಬರು ಲೇಖನಿ ಎತ್ತಿಕೊಂಡರು. ಮೇಲಿನವರು ನೀವು ಎಂದಾಯಿತು, ಈಗ ಒಂದೇ ಪ್ರಶ್ನೆ, ಈ ಹುಡುಗಿಗೆ ಆಗುತ್ತಿದ್ದದ್ದು ನಿಮಗೆ ಗೊತ್ತಿತ್ತೋ ಇಲ್ಲವೋ ಎಂದರು. ಶಿವಲಿಂಗಯ್ಯ ನನ್ನ ಕಿವಿಯ ಹತ್ತಿರ ಬಗ್ಗಿದ. ಗೊತ್ತಿರಲಿಲ್ಲ ಅನ್ನಿ ಹೊಂಬಾಳಮ್ಮ, ಮುಗೀತು, ಕಿಟಕಿ ಪಕ್ಕ ಮಣೆ ಬೇಡ, ಕುರ್ಚಿಯನ್ನೇ ಹಾಕಿಸೋಣ, ಗೊತ್ತಿತ್ತು ಅಂದ್ರೆ ತಪ್ಪು ನಿಮ್ಮದೂ ಆಗುತ್ತೆ, ಇಪ್ಪತ್ತಾರು ವರ್ಷ ನೀರಲ್ಲಿ ಹೋಗುತ್ತೆ ಎಂದ. ಒಳ್ಳೆಯ ಲೆಕ್ಕಾಚಾರ. ಬಡವಿ, ಒಂಟಿ ಹೆಂಗಸು, ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುತ್ತಾಳೆ. ಇಲ್ಲ ಅನ್ನುತ್ತಾಳೆ. ನಾನು ಇಲ್ಲ ಅಂದರೆ ವಿಷಯ ದಣಿಯ ತನಕ ಹೋಗುವುದಿಲ್ಲ, ಅರ್ಜಿ ಸುಳ್ಳಾಗುತ್ತದೆ, ದೇವೀರಿ ಬೀದಿಗೆ ಬೀಳುತ್ತಾಳೆ.

ನಾನು ಧೈರ್ಯವಂತೆ ಎಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆ ಗಳಿಗೆಯಲ್ಲಿ ನನಗೆ ಬಂದದ್ದು ದಣಿವು. ಇಪ್ಪತ್ತಾರು ವರ್ಷ ಕೆಮ್ಮಿ ಕೆಮ್ಮಿ ಗಂಟಲು ಸೋತುಹೋಗಿತ್ತು.

“ಗೊತ್ತಿತ್ತು,” ಎಂದೆ. “ಕುದಿಕೋಣೇಲಿ ಅವನು ಇವಳ ರಟ್ಟೆ ಹಿಡಿದಿದ್ದನ್ನ ಕಣ್ಣಾರೆ ಕಂಡೆ. ಸುಮ್ನಿದ್ದೆ. ಸುಮ್ನಿದ್ದಿದ್ದಕ್ಕೆ ನನಗೆ ಕಿಟಕಿ ಕೊಟ್ಟ. ಕೂತೆ. ಬರ್ಕೊಳ್ಳಿ.”

ಸಾಹೇಬರು ಬರೆದುಕೊಂಡರು. ಮತ್ತೆ ಓದಿ ಹೇಳಿದರು. ಸರಿಯಾಗಿದೆ ಎಂದೆ. ಶಿವಲಿಂಗಯ್ಯ ಗೋಡೆಯ ಕಡೆ ತಿರುಗಿ ನಿಂತ.

ಆಗ ನಾನು ಸಣ್ಣೀರಪ್ಪನನ್ನು ನೋಡಿದೆ. ತನ್ನ ನಡಿಗೆ ಮುಗಿಸಿ ಅವನು ಮೂಲೆಯ ಕುರ್ಚಿಯಲ್ಲಿ ಕೂತಿದ್ದನಲ್ಲ, ಈಗ ಕೂತಿರಲಿಲ್ಲ. ನಾನು ಹೆಂಗಸರಿಗೆ ಮಾತ್ರ ಕೂರಲು ಹೇಳಿದ್ದೆ. ಅವನು ಹೊಸ ಅಂಗಿಯಲ್ಲಿ ನೆಟ್ಟಗೆ ನಿಂತಿದ್ದ, ಒಂದು ಕೈಯಿಂದ ಕುರ್ಚಿಯ ಬೆನ್ನು ಹಿಡಿದುಕೊಂಡು ಮಂಡಿ ಮಡಚಲು ಹೆಣಗುತ್ತಿದ್ದ. ಅವು ಮಡಚುತ್ತಿರಲಿಲ್ಲ. ನನ್ನನ್ನು ಅಜ್ಜಿ, ಮುದುಕಿ ಎಂದೇ ಕರೆಯುತ್ತಿದ್ದವನು.

“ಅಕ್ಕಾ,” ಎಂದ. “ಕೂತ್ಕೊ ಅನ್ನಕ್ಕ.”

ನಾನು ಸಾಹೇಬರ ಕಡೆ ತಿರುಗಿ, ನಾನು ಮೇಲಿನವಳು ಅನ್ನುವುದು ಖಂಡಿತ ತಾನೇ ಎಂದು ಕೇಳಿದೆ. ನೀವೇ ಬರೆದಿದ್ದೀರಲ್ಲ ಎಂದರು. ಹಾಗಾದರೆ ಸೇರಿಸುವುದು, ತೆಗೆಯುವುದು ನನ್ನ ಕೈಲಿದೆ ತಾನೇ ಎಂದೆ. ಇದೆ ಎಂದರು. ಶಿವಲಿಂಗಯ್ಯ ಗೋಡೆಯಿಂದ ತಟ್ಟನೆ ಈ ಕಡೆ ತಿರುಗಿದ. ಅವನು ಬಾಯಿ ತೆರೆಯುವ ಮೊದಲು ನಾನು ಹೇಳಿ ಮುಗಿಸಿದೆ.

“ಸಣ್ಣೀರಪ್ಪ, ನಿನ್ನ ಕೆಲಸ ಹೋಯ್ತು. ನಾಳೆಯಿಂದ ಬರಬೇಡ.”

ಅವನ ಮಂಡಿಗಳು ಹಗ್ಗ ಬಿಟ್ಟ ಗೊಂಬೆಯವುಗಳ ಹಾಗೆ ಸಡಿಲವಾಗಿ, ದೊಪ್ಪನೆ ಕುರ್ಚಿಗೆ ಬಿದ್ದ. ಇಡೀ ಶೆಡ್ಡು ಅದನ್ನು ನೋಡಿತು. ಇನ್ನು ನಾನು ಅವನಿಗೆ ಮೇಲಿನವಳಲ್ಲ. ಅವನು ಅಲ್ಲಿಯ ಆಳೇ ಅಲ್ಲ. ಕೆಂಚಮ್ಮ ಒಬ್ಬಳೇ ಕಿಸಕ್ಕೆಂದಳು. ಉಳಿದವರು ನಗಲಿಲ್ಲ. ಹೋದ ಸಲ ನಕ್ಕಿದ್ದರ ನೆನಪು ಎಲ್ಲರಿಗೂ ಇತ್ತು.

ಮಾರನೆಯ ಬೆಳಿಗ್ಗೆ ನಾನು ಶೆಡ್ಡಿಗೆ ಹೋದಾಗ ಕೂತಿದ್ದವರಲ್ಲಿ ಯಾರ ಮಂಡಿಯೂ ಏಳಲಿಲ್ಲ. ಶಿವಲಿಂಗಯ್ಯ ಕಾಗದ ಕೊಡುವ ಮೊದಲೇ ನನಗೆ ಗೊತ್ತಾಯಿತು. ಮೇಲಿನವರಾಗಿದ್ದೂ ಕಂಡ ತಪ್ಪನ್ನು ಮುಚ್ಚಿಟ್ಟ ಕಾರಣಕ್ಕೆ ಹೊಂಬಾಳಮ್ಮನವರನ್ನು ತೆಗೆದುಹಾಕಲಾಗಿದೆ. ಈ ಸಲ ಪೂರ್ತಿ ಓದಿದೆ. ಅದರಲ್ಲಿ ಬರೆದದ್ದು ಸುಳ್ಳೇನಲ್ಲ ಎಂಬುದೇ ನನ್ನನ್ನು ಸುಟ್ಟಿತು.

ಮಣೆಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಹಾಕುವವನಿರಲಿಲ್ಲ. ಹೆಂಗಸರು ತಮ್ಮ ತಮ್ಮದನ್ನು ಹುಡುಕಿ ಎತ್ತಿಕೊಳ್ಳುತ್ತಿದ್ದರು, ಹಲವರು ಎಲ್ಲಿ ಹಾಕಿಕೊಳ್ಳುವುದು ಎಂದು ತಿಳಿಯದೆ ಮಣೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ದೇವೀರಿ ನಡುಸಾಲಿನಲ್ಲಿ ಕೂತು ಆಗಲೇ ಬೈರಿಗೆ ತಿರುಗಿಸುತ್ತಿದ್ದಳು. ಕಿಟಕಿ ಖಾಲಿ ಇತ್ತು. ಅವಳು ಅಲ್ಲಿಗೆ ಹೋಗಿರಲಿಲ್ಲ. ನಾನು ಎರಡು ಅಡ್ಡಗೆರೆಯ ನನ್ನ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳ ಮುಂದೆ ನಿಂತೆ.

“ನೀನು ಕೆಮ್ಮಿದ್ದು ಕೇಳಿಸ್ತು ಕಣಕ್ಕ ಅವತ್ತು,” ಎಂದಳು, ತಲೆಯೆತ್ತದೆ. “ಯಾರೋ ಬಂದ್ರು ಅಂದ್ಕೊಂಡೆ.”

ಅಷ್ಟೇ ಹೇಳಿದ್ದು. ನಾನು ಬಂದುಬಿಟ್ಟೆ.

ಮಂಡಳಿಯ ತೀರ್ಪು ಹದಿನೈದು ದಿನಕ್ಕೆ ಬಂತು. ದೇವೀರಿಯ ಕೆಲಸ ಉಳಿಯಿತು. ಕುದಿಕೋಣೆಗೆ ಪಾಳಿ ಬರೆದು ಗೋಡೆಗೆ ಅಂಟಿಸಬೇಕು, ಮಣೆಯನ್ನು ಅವರವರೇ ಹಾಕಿಕೊಳ್ಳಬೇಕು, ದಣಿ ತಾವೇ ಬಂದು ಶೆಡ್ಡಿನಲ್ಲಿ ತಪ್ಪಾಯಿತು ಎಂದು ಹೇಳಬೇಕು. ದಣಿ ಬಂದರಂತೆ. ಕ್ಷಮೆ ಕೇಳುವಷ್ಟು ಹೊತ್ತೂ ಅವರ ಮುಂದೆ ಹೆಂಗಸರೆಲ್ಲ ನಿಂತೇ ಇದ್ದರಂತೆ. ಕೂತ್ಕೊಳ್ಳಿ ಅನ್ನಲು ಅವರಿಗೆ ನೆನಪಾಗಲಿಲ್ಲ. ಇದನ್ನು ಆ ಸಂಜೆ ಕೆಂಚಮ್ಮ ನನಗೆ ಹೇಳಿದಳು, ಮಂಡಿ ಉಜ್ಜಿಕೊಳ್ಳುತ್ತ.

ದಣಿಯ ಕಾರು ಆವತ್ತು ನಮ್ಮ ಬೀದಿಯಲ್ಲೇ ವಾಪಸು ಹೋಯಿತು. ನಾನು ಜಗಲಿಯ ಮೇಲೆ ನನ್ನ ಮಣೆ ಹಾಕಿಕೊಂಡು ಬೇರೆಯವರ ಮನೆಯ ಹುಣಿಸೆಹಣ್ಣು ಬಿಡಿಸುತ್ತಿದ್ದೆ. ಈಗ ಅದೇ ನನ್ನ ಕೆಲಸ. ಕಾರು ಹತ್ತು ಮಾರಿನೊಳಗೆ ಬಂತು, ನನ್ನ ಮುಂದೆಯೇ ಹಾಯಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನ್ನ ಮಂಡಿ ಅಲುಗಲಿಲ್ಲ. ಕೂತೇ ಇದ್ದೆ. ಕಾರಿನ ಧೂಳು ಹುಣಿಸೆಹಣ್ಣಿನ ಮೇಲೆ ಕೂತಿತು ಎಂದು ಬೈಯುತ್ತ ಕೆಳಗೆ ನೋಡಿದೆ. ನನ್ನ ಎರಡು ಪಾದವೂ ಮಣೆಯ ಕೆಳಗೆ ಒಳಕ್ಕೆ ಸೇರಿಕೊಂಡಿದ್ದವು, ಸೀರೆಯ ಅಂಚು ಅವುಗಳ ಮೇಲೆ ಮುಚ್ಚಿತ್ತು. ಯಾವಾಗ ಎಳೆದುಕೊಂಡೆನೋ ಗೊತ್ತಾಗಲಿಲ್ಲ.

ಸೀರೆ ಸರಿಸಿ, ಒಂದಾದ ಮೇಲೆ ಒಂದು, ಕೈಯಿಂದ ಹಿಡಿದು ಬಿಸಿಲಿಗೆ ಚಾಚಿದೆ.